ಕೆಂಪು ತಿಕ್ಕಿದ ಕೈ

"ಇನ್ನೊಮ್ಮೆ ಹಚ್ಚು," ಎಂದಳು ಶಾಲಿನಿ.

ಅಪೂರ್ವ ಫೋನಿನ ಮೇಲೆ ಬೆರಳಾಡಿಸಿದಳು. ಹೆಡ್‌ಫೋನಿನೊಳಗೆ ಮತ್ತೆ ಆ ಗರಗರ ಸದ್ದು, ಹಿಂದೆಯೇ ಒಬ್ಬ ಅಮೆರಿಕನ್ನನ ದಪ್ಪ ದನಿ. ಕೆಳಗೆ ಪುಣೆಯ ಮಾರ್ಕೆಟ್ ಯಾರ್ಡಿನಲ್ಲಿ ಟೆಂಪೊಗಳು ಹಾರ್ನ್ ಹೊಡೆಯುತ್ತಿದ್ದವು, ಹಮಾಲರು ದಾರಿ ಬಿಡಿ ಎಂದು ಕೂಗಾಡುತ್ತಿದ್ದರು. ಶಾಲಿನಿ ಎದ್ದು ಕಿಟಕಿ ಮುಚ್ಚಿ ಬಂದಳು. ಸದ್ದು ಹೊರಗೆ ನಿಂತಿತು, ಒಣಮೆಣಸಿನಕಾಯಿಯ ಘಾಟು ಮಾತ್ರ ಒಳಗೇ ಉಳಿಯಿತು.

ಊರಿನ ಇನ್ನೊಂದು ತುದಿಯ ವಾಕಡದ ಡಿಜಿಟಲ್ ಕಂಪನಿಯ ಕಪಾಟಿನಿಂದ ಒಂದು ಹಳೆಯ ಟೇಪು ಮಾಯವಾಗಿ, ಕಳವಿನ ಆರೋಪ ಅಲ್ಲಿನ ಧ್ವನಿ ತಂತ್ರಜ್ಞೆ ಅಪೂರ್ವಳ ತಲೆಗೆ ಬಂದಿತ್ತು. ಆಕೆ ಪತ್ತೇದಾರಿ ಶಾಲಿನಿಯ ಆಫೀಸಿನ ಮೆಟ್ಟಿಲು ಹತ್ತಿದ್ದು ಅದಕ್ಕೇ.

ಟೇಪಿನಲ್ಲಿ ಮಾತಾಡುತ್ತಿದ್ದವನು ಚಿತ್ರಕಾರ ಲೈಮನ್ ಥಾರ್ಪ್. ಸತ್ತು ಬಹಳ ಕಾಲವಾಯಿತು. ಅವನ 'ಕೆಂಪು ಸರಣಿ'ಯ ಏಳು ಚಿತ್ರಗಳ ಹೆಸರು ಹೇಳದೆ ಅಮೆರಿಕದ ಆಧುನಿಕ ಕಲೆಯ ಮಾತೇ ಮುಗಿಯುವುದಿಲ್ಲ ಎನ್ನುವವರಿದ್ದರು. ಅವನ ಚಿತ್ರಗಳನ್ನು ಮಾರುತ್ತಿದ್ದ ನ್ಯೂಯಾರ್ಕಿನ ಗ್ಯಾಲರಿ ಬಾಗಿಲು ಹಾಕಿದಾಗ, ಅಲ್ಲಿದ್ದ ಕಾಗದಪತ್ರ, ಫೋಟೊ, ಪ್ರದರ್ಶನಗಳ ಆಮಂತ್ರಣ, ಕಲಾವಿದರ ಸಂದರ್ಶನದ ಟೇಪು, ಜೊತೆಗೆ ಕೆಂಪು ಸರಣಿಯ ಒಂದು ಚಿತ್ರ, ಎಲ್ಲವನ್ನೂ ಪುಣೆಯ ಉದ್ಯಮಿ ಅಪ್ಪಾಸಾಹೇಬ ಪಟ್ಟಣಶೆಟ್ಟಿ ಕೊಂಡು ತಂದಿದ್ದರು. ಆ ಸಂಗ್ರಹವನ್ನು ಕಂಪ್ಯೂಟರಿಗೆ ಇಳಿಸುವ ಕೆಲಸ ಸಿಕ್ಕಿದ್ದು ಅವರ ಅಣ್ಣನ ಮಗ ಸ್ವಪ್ನಿಲ್ ನಡೆಸುವ ವಾಕಡದ ಕಂಪನಿಗೆ. ಬರುವ ವಾರ ಅಪ್ಪಾಸಾಹೇಬರ ಮ್ಯೂಸಿಯಂ ಉದ್ಘಾಟನೆ.

ಟೇಪಿನಲ್ಲಿ ಸಂದರ್ಶಕ ಕೇಳುತ್ತಿದ್ದ: ಕುಂಚ ಬಿಟ್ಟು ಬರಿಗೈಯಿಂದ ಬಣ್ಣ ತಿಕ್ಕುವ ಯೋಚನೆ ನಿಮಗೆ ಹೇಗೆ ಬಂತು? ಥಾರ್ಪ್ ಗಂಟಲು ಸರಿಮಾಡಿಕೊಂಡು ದೊಡ್ಡದೊಂದು ಕಥೆ ಶುರು ಮಾಡಿದ. ಅವನ ಮಾತಿನ ಹಿಂದೆ, ದೂರದಲ್ಲಿ, ಒಂದು ಹೆಣ್ಣು ದನಿ.

"ಇಲ್ಲೇ ಮೇಡಂ," ಎಂದಳು ಅಪೂರ್ವ. "ಗ್ಯಾಲರಿಯವರು ಟೈಪ್ ಮಾಡಿಟ್ಟಿರೋದ್ರಲ್ಲಿ 'ಹಿನ್ನೆಲೆಯಲ್ಲಿ ಕೆಲಸದವಳ ಮಾತು, ಅಸ್ಪಷ್ಟ' ಅಂತಷ್ಟೇ ಇದೆ. ನನಗೆ ಕನ್ನಡ ಅಂತ ಡೌಟ್ ಬಂತು. ಅದಕ್ಕೇ ಇಷ್ಟು ಪೀಸ್ ಫೋನಿಗೆ ಹಾಕ್ಕೊಂಡು ಹಾಸನಕ್ಕೆ ಅಮ್ಮಂಗೆ ಕಳಿಸ್ದೆ. ಅಮ್ಮಂಗೂ ಅರ್ಧ ಅರ್ಥ ಆಗ್ಲಿಲ್ಲ. ಸದ್ದು ಕ್ಲೀನ್ ಮಾಡಿ ನೋಡೋಣ ಅಂತ ಮಾರನೇ ದಿನ ಹೋದ್ರೆ ಟೇಪೇ ಇಲ್ಲ."

"ನಿಮ್ಮ ಅವ್ವಗ ತಿಳೀಲಿಲ್ಲ ಅಂದ್ರ ಅದು ಅಕೀ ತಪ್ಪಲ್ಲ. ಇದು ನಮ್ಮ ಕಡಿ ಮಾತು."

ಶಾಲಿನಿ ಕಣ್ಣು ಮುಚ್ಚಿದಳು. ವಿಮಾ ಕಂಪನಿಯಲ್ಲಿ ಸುಳ್ಳು ಕ್ಲೇಮುಗಳ ಬೆನ್ನು ಹತ್ತುತ್ತಿದ್ದ ಕಾಲದಿಂದಲೂ ಆಕೆ ಕಣ್ಣಿಗಿಂತ ಕಿವಿಯನ್ನೇ ಹೆಚ್ಚು ನಂಬಿದವಳು. ಹುಟ್ಟಿದ್ದು ಪುಣೆಯಾದರೂ ಮನೆಮಾತು ಜಮಖಂಡಿಯದು. ದೂರದ ಆ ದನಿ ಸ್ವಲ್ಪ ಸ್ವಲ್ಪವಾಗಿ ಬಿಡಿಸಿಕೊಳ್ಳತೊಡಗಿತು. ಆಕೆ ಕೇಳುತ್ತ ಕೇಳುತ್ತ ಬಾಯಿಬಿಟ್ಟು ಹೇಳಿದಳು.

"ಸುಳ್ಳು ಹೇಳಾಕತ್ತಾನ... ಆ ಕೆಂಪು ತಿಕ್ಕಿದ ಕೈ ನಂದು, ಈ ಗೌರಾಂದು... ಏಳೂ ಚಿತ್ರ ನಾ ಬರದೀನಿ... ಕನ್ನಡ ಬರೂವ್ರು ಯಾರರೆ ಮುಂದ ಇದನ್ನ ಕೇಳಿದ್ರ, ನೆಪ್ಪ ಇಟ್ಕೋರಿ."

ಅಪೂರ್ವ ಫೋನಿನ ಸದ್ದು ನಿಲ್ಲಿಸಿದಳು.

"ಮೇಡಂ, ಅವ್ರು ತಮ್ಮಷ್ಟಕ್ಕೆ ಗೊಣಗ್ತಾ ಇಲ್ಲ. ಟೇಪಿಗೇ ಹೇಳ್ತಿದಾರೆ."

"ಹೌದು. ನಮಗ ಹೇಳಾಕತ್ತಾಳ."

ಮ್ಯೂಸಿಯಂನವರು ಪ್ರಚಾರಕ್ಕೆಂದು ಗ್ಯಾಲರಿಯ ಒಂದಷ್ಟು ಹಳೆಯ ಫೋಟೊಗಳನ್ನು ತಮ್ಮ ವೆಬ್‌ಸೈಟಿಗೆ ಆಗಲೇ ಹಾಕಿದ್ದರು. ಶಾಲಿನಿ ಒಂದೊಂದನ್ನೇ ದೊಡ್ಡದು ಮಾಡಿ ನೋಡುತ್ತ ಹೋದಳು. ಸೂಟುಬೂಟಿನ ಗಂಡಸರು, ಮುತ್ತಿನ ಸರದ ಹೆಂಗಸರು, ಬಿಳಿ ಗೋಡೆ, ಲೋಟಗಳು. ಕಡೆಗೆ ಸ್ಟುಡಿಯೋದಲ್ಲಿ ತೆಗೆದ ಒಂದು ಕಪ್ಪು ಬಿಳುಪು ಚಿತ್ರದ ಹತ್ತಿರ ಆಕೆಯ ಕೈ ನಿಂತಿತು.

ಆಳೆತ್ತರದ ಕ್ಯಾನ್ವಾಸ್. ಅದರ ಮುಂದೆ ಥಾರ್ಪ್, ಕೈಯಲ್ಲಿ ಮದ್ಯದ ಲೋಟ, ಬಿಳಿ ಅಂಗಿಯ ತೋಳಿಗೆ ಒಂದು ಚುಕ್ಕೆ ಬಣ್ಣವಿಲ್ಲ. ಪಕ್ಕದಲ್ಲಿ ಇಳಕಲ್ ಸೀರೆಯ ಮೇಲೆ ಗಂಡಸರ ಕೋಟು ಹಾಕಿಕೊಂಡ ಹುಡುಗಿ. ಅವಳ ಎಡಗೈ ಮೊಣಕೈತನಕ ಕಪ್ಪಗೆ ಕಾಣುತ್ತಿತ್ತು. ಅಡಿಯಲ್ಲಿ ಬರೆದಿತ್ತು: ಥಾರ್ಪ್, ಪೂನಾದಿಂದ ಬಂದ ಸಹಾಯಕಿ ಗೌರಾ ಜೊತೆ.

"ಆ ಕಪ್ಪು ಏನು ಗೊತ್ತೇನ?" ಎಂದಳು ಶಾಲಿನಿ.

"ಕೆಂಪು," ಎಂದಳು ಅಪೂರ್ವ.

ಕೆಳಗಿನ ಮಳಿಗೆಯ ಮೆಣಸಿನಕಾಯಿ ವ್ಯಾಪಾರಿ, ಮುದುಕ ಶಿವಪುತ್ರಪ್ಪನಿಗೆ ಪುಣೆ ಜಿಲ್ಲೆಯ ಕನ್ನಡದ ಮನೆಗಳೆಲ್ಲ ಗೊತ್ತು. ಮದುವೆ ಕೂಡಿಸುವುದು ಅವನ ಇನ್ನೊಂದು ಉದ್ಯೋಗ. ಫೋಟೊ ನೋಡಿ ಕನ್ನಡಕ ಏರಿಸಿದ.

"ಇಕಿ ನಮ್ಮ ಶಿರೂರಿನ ಡ್ರಾಯಿಂಗ್ ಬಾಯಿ ಅಲ್ಲೇನ್ರಿ? ಮುಂಬೈದಾಗ ಚಿತ್ರಕಲಾ ಕಲ್ತು ಅಮೇರಿಕಾಕ್ಕ ಹೋಗಿ ಬಂದು, ಶಿರೂರಿನ ಸಾಲ್ಯಾಗ ಡ್ರಾಯಿಂಗ್ ಕಲಸಿದಾಕಿ. ಮಾಸ್ತರ್ತಿಗೆ ಅಲ್ಲೆ ಬಾಯಿ ಅಂತಾರ. ಮದಿವಿ ಆಗಲಿಲ್ಲ. ನಾ ಮೂರ ಸಂಬಂಧ ತಂದಿದ್ದೆ, ಮೂರೂ ಮಂದೀನ ಓಡಿಸ್ಯಾಳ."

"ಅದಾರೇನು?"

"ಯಾಕ ಇರಬಾರದು? ಹೋದ ತಿಂಗಳನೂ ಫೋನ್ ಮಾಡಿ ಬೈದಾಳ ನನಗ."

ಶಿರೂರಿನ ಬಸ್ ನಿಲ್ದಾಣದ ಹತ್ತಿರ ಡ್ರಾಯಿಂಗ್ ಬಾಯಿಯ ಮನೆ ಯಾವುದೆಂದು ಮರಾಠಿಯಲ್ಲಿ ಕೇಳಿದರೆ ಸಾಕಾಯಿತು, ಪಾನ್ ಅಂಗಡಿಯವನೇ ಸ್ಕೂಟರಿನಲ್ಲಿ ಮುಂದೆ ಹೋಗಿ ದಾರಿ ತೋರಿಸಿದ. ಅವನಿಗೂ ಆಕೆಯೇ ಚಿತ್ರ ಕಲಿಸಿದ್ದಳಂತೆ.

ಬಾಗಿಲು ತೆರೆದವಳು ಎತ್ತರದ ಮುದುಕಿ. ತಲೆಗೂದಲು ಗಂಡಸರ ಹಾಗೆ ಕತ್ತರಿಸಿತ್ತು, ಸೀರೆಯ ಸೆರಗು ಸೊಂಟಕ್ಕೆ ಬಿಗಿದಿತ್ತು.

"ನಮಸ್ಕಾರ ಅಜ್ಜಿ," ಎಂದಳು ಅಪೂರ್ವ.

"ಅಜ್ಜಿ ಅನಬ್ಯಾಡ. ಬಾಯಿ ಅನ್ನು. ಊರೆಲ್ಲಾ ಅಂತಾರ."

ಒಳಗೆ ಕಾಲಿಟ್ಟ ಶಾಲಿನಿ ಹೊಸ್ತಿಲಲ್ಲೇ ನಿಂತಳು. ನಡುಮನೆಯ ದೊಡ್ಡ ಗೋಡೆ ಪೂರ್ತಿ ಕೆಂಪು. ಎಲ್ಲೂ ಕುಂಚದ ಗೆರೆ ಇಲ್ಲ. ಅಂಗೈ ಒತ್ತಿ ಎಳೆದ ಅಲೆಗಳು ಒಂದರ ಮೇಲೊಂದು ಏರಿ, ಮಧ್ಯದಲ್ಲಿ ಇದ್ದಕ್ಕಿದ್ದಂತೆ ಖಾಲಿ ಜಾಗ ಬಿಟ್ಟು ಸುತ್ತಿಕೊಂಡು ಹೋಗಿದ್ದವು. ಥಾರ್ಪನ ಚಿತ್ರಗಳನ್ನು ಪರದೆಯ ಮೇಲೆ ಎಷ್ಟು ಸಲ ನೋಡಿದ್ದಳೋ. ಇದು ಅವುಗಳ ಒಡಹುಟ್ಟು.

ಅಪೂರ್ವ ಫೋನು ತೆಗೆದು ಟೇಪು ಕೇಳಿಸಿದಳು. ಗೌರಾಬಾಯಿ ತಲೆ ಓರೆ ಮಾಡಿ ಕೇಳಿದಳು. ತನ್ನದೇ ಹರೆಯದ ದನಿ ಬಂದಾಗ ಆಕೆಯ ಕಣ್ಣು ತುಂಬಬಹುದು ಎಂದುಕೊಂಡಿದ್ದಳು ಶಾಲಿನಿ. ಆಕೆ ನಕ್ಕಳು. ಒಳ್ಳೆ ಗಟ್ಟಿ ನಗು.

"ಐವತ್ತು ವರ್ಷದ ಮ್ಯಾಲಾತು. ಕೇಳಾವ್ರು ಭಾಳ ತಡಾ ಮಾಡಿದ್ರಿ."

"ಇಂಗ್ಲಿಷಿನ್ಯಾಗ ಯಾಕ ಹೇಳಲಿಲ್ಲ, ಬಾಯಿ?" ಎಂದು ಕೇಳಿದಳು ಶಾಲಿನಿ.

"ಹೇಳಿದ್ದೆ. ಗ್ಯಾಲರಿಯಾಂವಗ ಹೇಳಿದ್ದೆ, ಪೇಪರಿನಾಂವಗ ಹೇಳಿದ್ದೆ. ಥಾರ್ಪನ ಕೈ ನಡಗತಿತ್ತು, ಕುಡ್ದು ಕುಡ್ದು. ಚಿತ್ರಾ ಬೇಕಂತ ಗ್ಯಾಲರಿಯಾವ್ರು ದಿನಾ ಬಾಗಲಾ ಬಡಿಯಾವ್ರು. ನನ್ನ ಸ್ಕಾಲರ್‌ಶಿಪ್ ಮುಗದಿತ್ತು, ಇರಾಕ ಜಾಗಾ ಬೇಕಿತ್ತು. ಮೊದಲನೇದ್ದು ನನಗಂತ ಬರದೆ. ಅಂವ ಸಹಿ ಮಾಡಿದ. ಮುಂದಿನ ಪ್ರದರ್ಶನ ನಿನ್ನ ಹೆಸರಿಲೆ ಅಂದ್ರು. ಏಳು ಆದ್ರೂ ಆ ಮುಂದಿನದು ಬರಲಿಲ್ಲ. ಇಂಗ್ಲಿಷಿನ್ಯಾಗ ಹೇಳಿದ್ದನ್ನ ಅಳಿಸಿ ಹಾಕತಿದ್ರು. ಕನ್ನಡದಾಗ ಹೇಳಿದ್ದನ್ನ ಏನಂತ ತಿಳದು ಅಳಸ್ಯಾರು? ಅದಕ್ಕ ಟೇಪ್ ತಿರಗೂವಾಗ ಕೂಗಿ ಹೇಳಿ, ಮರುದಿನ ಸಾಮಾನು ಕಟ್ಟಿದೆ."

"ಈಗ ಎಲ್ಲಾರ ಮುಂದ ಹೇಳ್ತೀರೇನು?"

"ಹೇಳೂದು ಹೇಳಿ ಆಗ್ಯದ. ಇನ್ನ ಕೇಳಸೂದು ಉಳದದ." ಗೌರಾಬಾಯಿ ಗೂಟದ ಮೇಲಿನ ಕೈಚೀಲ ತೆಗೆದುಕೊಂಡಳು. "ಏಳರಾಗಿನ ಒಂದು ಚಿತ್ರಾ ಪುಣೆದಾಗ ಅದ ಅಂದ್ರೆಲ್ಲ. ಕಾರ್ ತಂದೀರೇನು? ನಡೀರಿ."

ಪುಣೆಯ ಪ್ರಭಾತ್ ರಸ್ತೆಯಲ್ಲಿ ಅಪ್ಪಾಸಾಹೇಬರ ಬಂಗಲೆಯ ಗೇಟಿನಲ್ಲಿ ಕಾವಲುಗಾರ, "ಕೋಣ ಪಾಹಿಜೆ?" ಎಂದು, ಯಾರು ಬೇಕೆಂದು ಕೇಳುತ್ತ ಅಡ್ಡ ಬಂದ. ಗೌರಾಬಾಯಿ ಮರಾಠಿಯಲ್ಲಿ, "ನಿಮ್ಮ ಸಾಹೇಬರ ಗೋಡೆ ಮೇಲಿನ ಚಿತ್ರ ಬರೆದವಳು ಬಂದಿದ್ದಾಳೆ ಅಂತ ಹೇಳು," ಎಂದಳು. ಆ ಮಾತಿಗೆ ಗೇಟು ಬೇಗನೆ ತೆರೆಯಿತು.

ಅಪ್ಪಾಸಾಹೇಬರು ವರಾಂಡದಲ್ಲೇ ಇದ್ದರು. ಬಿಳಿ ಜುಬ್ಬ, ಮೃದು ಮಾತು. ಪಕ್ಕದಲ್ಲಿ ಸ್ವಪ್ನಿಲ್, ಕೈಯಲ್ಲಿ ಎರಡು ಫೋನು. ಅಪೂರ್ವಳನ್ನು ಕಂಡು ಅವನ ಹುಬ್ಬು ಗಂಟಾಯಿತು.

"ನೀ ಇನ್ನೂ ಪುಣೆದಾಗ ಇದ್ದೀಯೇನು?"

"ಎಲ್ಲಿಗೆ ಹೋಗ್ಲಿ ಸರ್? ಕದ್ದಿದ್ರೆ ಓಡಿ ಹೋಗ್ತಿದ್ದೆ."

ಶಾಲಿನಿ ಸುತ್ತು ಬಳಸದೆ ವಿಷಯ ಹೇಳಿದಳು. ಫೋನಿನಲ್ಲಿದ್ದ ದನಿಯನ್ನು ಕೇಳಿಸಿದಳು. ಅಪ್ಪಾಸಾಹೇಬರಿಗೆ ಅದರ ಅರ್ಥ ಬಿಡಿಸಿ ಹೇಳಬೇಕಾಗಿರಲಿಲ್ಲ. ನಿಪ್ಪಾಣಿಯ ತಂಬಾಕಿನ ಮನೆತನದವರು. ಕೇಳುತ್ತಿದ್ದಂತೆ ಅವರ ಕೈ ಜುಬ್ಬದ ಗುಂಡಿಯ ಹತ್ತಿರ ಹೋಗಿ ಅಲ್ಲೇ ನಿಂತಿತು.

"ಕೂಡ್ರಿ, ಬಾಯಿಯವ್ರ," ಎಂದರು ಕಡೆಗೆ. "ನೋಡ್ರಿ ಶಾಲಿನಿಯವ್ರ, ಬರೂ ವಾರ ಅಮೇರಿಕಾದಿಂದ ಮಂದಿ ಬರಾಕತ್ತಾರ. ಈ ಧ್ವನಿ ಹೊರಗ ಬಿದ್ರ ಆ ಚಿತ್ರಾ ಯಾರದೂ ಅಲ್ಲ ಅಂದಂಗ ಆಗ್ತದ."

"ಯಾರದೂ ಅಲ್ಲ ಅಂದ್ರ? ನನ್ನದು," ಎಂದಳು ಗೌರಾಬಾಯಿ.

ಅಪ್ಪಾಸಾಹೇಬರು ಅದನ್ನು ಕೇಳಿಸಿಕೊಳ್ಳದವರಂತೆ ಅಪೂರ್ವಳತ್ತ ತಿರುಗಿದರು. "ಹುಡುಗಿ ಮ್ಯಾಲಿನ ಕಂಪ್ಲೇಂಟ್ ಸಂಜಿಕೆ ವಾಪಸ್ ತಗೋತೀವಿ. ಕೆಲಸಾನೂ ಕೊಡ್ತೀವಿ. ಆ ಫೋನಿನ್ಯಾಗಿನ ಕಾಪಿ ಕೊಟ್ಟುಬಿಡವ್ವ. ನಿನ್ನ ವಯಸ್ಸಿನವ್ರ ಹೆಸರಿಗೆ ಪೊಲೀಸ್ ಕೇಸ್ ಅಂಟಿಕೊಂಡ್ರ ಯಾವ ಕಂಪನಿ ತಗೋತದ ಹೇಳು."

ಇದನ್ನು ಶಾಲಿನಿ ನಿರೀಕ್ಷಿಸಿದ್ದಳು. ಅಪೂರ್ವಳ ಪರವಾಗಿ ತಾನು ಉತ್ತರ ಕೊಡಬಾರದು ಎಂದು ದಾರಿಯಲ್ಲೇ ನಿರ್ಧರಿಸಿದ್ದಳು. ಕೇಸು ಅಂಟುವುದು ಆ ಹುಡುಗಿಯ ಹೆಸರಿಗೆ, ಮಾತೂ ಅವಳದೇ ಆಗಬೇಕು.

ಅಪೂರ್ವ ಫೋನನ್ನು ಬ್ಯಾಗಿನೊಳಗೆ ಹಾಕಿ ಜಿಪ್ ಎಳೆದಳು.

"ಕೊಡಲ್ಲ ಸರ್. ಕಂಪ್ಲೇಂಟ್ ಇರ್ಲಿ. ಕೋರ್ಟಲ್ಲಿ ಇದನ್ನೇ ಪ್ಲೇ ಮಾಡ್ತೀನಿ, ಎಲ್ರೂ ಕೇಳ್ಲಿ."

"ಹುಚ್ಚಿ," ಎಂದ ಸ್ವಪ್ನಿಲ್.

"ಅಕೀಗ ಹುಚ್ಚಿ ಅಂದ್ರ ನಾ ಯಾರು?" ಗೌರಾಬಾಯಿ ಎದ್ದು ನಿಂತಳು. "ಮಾತು ಸಾಕು. ಚಿತ್ರಾ ತೋರಸ್ರಿ. ನಾ ಬರದಿದ್ದು ನಾ ನೋಡಬೇಕು."

ಅಪ್ಪಾಸಾಹೇಬರು ಬೀಗದ ಕೈ ಹುಡುಕಿದರು. ಶಾಲಿನಿಗೆ ಅವರ ಮೇಲೆ ಅನುಮಾನವಿತ್ತು, ಆದರೆ ಬಾಗಿಲು ತೆರೆಯುವಾಗ ಅವರ ಮುಖದಲ್ಲಿ ಕಂಡದ್ದು ಭಯಕ್ಕಿಂತ ಆಸೆ. ಬರೆದವಳು ತಾನು ಕೊಂಡದ್ದನ್ನು ನೋಡಿ ಏನೆನ್ನುತ್ತಾಳೋ ಎಂಬ ಆಸೆ.

"ದಿನಾ ಮುಂಜಾನೆ ಇದರ ಮುಂದ ಕೂಡ್ತೀನಿ," ಎಂದರು ಮೆಲ್ಲಗೆ. "ಏನೋ ಸಮಾಧಾನ ಆಗ್ತದ."

ಹಾಲಿನ ಆ ತುದಿಯ ಗೋಡೆ ತುಂಬ ಕೆಂಪು. ಮೇಲಿನ ಗಾಜಿನಿಂದ ಮಧ್ಯಾಹ್ನದ ಬೆಳಕು ನೇರವಾಗಿ ಅದರ ಮೇಲೆ ಬೀಳುತ್ತಿತ್ತು. ಶಾಲಿನಿ ಎರಡು ಹೆಜ್ಜೆ ಮುಂದೆ ಹೋದಳು. ಗೌರಾಬಾಯಿ ಮಾತ್ರ ದೂರದಲ್ಲೇ ನಿಂತುಬಿಟ್ಟಳು. ನೋಡಿದಳು. ಎಡಕ್ಕೆ ಸರಿದು ನೋಡಿದಳು. ಹತ್ತಿರ ಹೋಗಿ ಕ್ಯಾನ್ವಾಸಿಗೆ ಮೂಗು ತಾಗಿಸುವಂತೆ ಬಾಗಿದಳು.

"ಇದು ನಂದಲ್ಲ," ಎಂದಳು.

ಸ್ವಪ್ನಿಲ್ ಗಂಟಲಲ್ಲೇ ನಕ್ಕ. "ಕಾಕಾ, ಕೇಳಿದ್ರೆಲ್ಲ. ತಾವ ಒಪ್ಪಿಕೊಂಡ್ರು. ಮುಗೀತು."

"ಥಾರ್ಪಂದೂ ಅಲ್ಲ," ಎಂದಳು ಗೌರಾಬಾಯಿ.

ನಗು ಅಲ್ಲಿಗೇ ನಿಂತಿತು.

"ನಾ ಎಡಚಿ. ಎಡಗೈ ಒತ್ತಿ ತಿಕ್ಕಿದ್ರ ಅಲಿ ಈ ಕಡಿಂದ ಆ ಕಡಿ ಏರ್ತದ, ಹೆಬ್ಬಟ್ಟಿನ ಗುರುತು ಮ್ಯಾಲ ಬರ್ತದ. ಇಲ್ನೋಡ್ರಿ, ತಿರುವುಮುರುವು. ಇದು ಬಲಗೈಯಾಂವನ ಕೆಲಸ. ಚಲೋ ಮಾಡ್ಯಾನ, ಇಲ್ಲ ಅನ್ನೂದಿಲ್ಲ." ಆಕೆ ಮೂಲೆಯಲ್ಲಿ ದಪ್ಪಗೆ ಕಟ್ಟಿದ ಬಣ್ಣಕ್ಕೆ ಉಗುರು ಊರಿದಳು. ಉಗುರು ಸಣ್ಣಗೆ ಇಳಿಯಿತು. "ಐವತ್ತು ವರ್ಷದ ಬಣ್ಣ ಕಲ್ಲಾಗಿರಬೇಕು, ಸಾಹೇಬ್ರ. ಇದು ಇನ್ನೂ ಮೆತ್ತಗದ. ಎಣ್ಣಿ ವಾಸನಿ ಸೈತ ಹೋಗಿಲ್ಲ."

ಶಾಲಿನಿ ಮುಂದೆ ಬಂದು ಮೂಸಿದಳು. ಅಗಸೆ ಎಣ್ಣೆಯ ಹಸಿ ವಾಸನೆ. ಫೋಟೊದಲ್ಲಿ ಬಣ್ಣ ಮೆತ್ತಿದ್ದ ಕೈ ಎಡಗೈ ಎಂಬುದು ಅವಳಿಗೆ ಆಗ ನೆನಪಾಯಿತು. ಟೇಪು ಕಾಣೆ. ಈಗ ಚಿತ್ರವೂ ಕಾಣೆ. ಎಡಗೈಯ ಗುರುತು ಹೊತ್ತ ಆ ನಿಜವಾದ ಕ್ಯಾನ್ವಾಸ್ ಇಲ್ಲದೆ ಗೌರಾಬಾಯಿಯ ಮಾತಿಗೆ ಉಳಿದದ್ದು ಒಂದು ಫೋನಿನೊಳಗಿನ ತುಂಡು ಸದ್ದು ಮಾತ್ರ.

ಅಪ್ಪಾಸಾಹೇಬರು ಬಣ್ಣವನ್ನು ತಾವೇ ಮುಟ್ಟಿ ನೋಡಿದರು. ಬೆರಳ ತುದಿಗೆ ಹತ್ತಿದ ಕೆಂಪನ್ನು ಜುಬ್ಬಕ್ಕೆ ಒರೆಸಿಕೊಂಡದ್ದು ಅವರಿಗೇ ಗೊತ್ತಾಗಲಿಲ್ಲ.

"ಸ್ವಪ್ನಿಲ್," ಎಂದರು. "ಇದು ಮನಿ ಬಿಟ್ಟು ಹೊರಗ ಹೋಗಿದ್ದು ಒಂದ ಸಲ. ಫೋಟೊ ತಗಸಾಕಂತ ನಿನ್ನ ವಾಕಡಕ್ಕ."

ಸ್ವಪ್ನಿಲ್ ಎರಡೂ ಫೋನುಗಳನ್ನು ಜೇಬಿಗೆ ಇಳಿಸಿದ. ಅವನ ದನಿಯಲ್ಲಿ ಅಳುಕಿರಲಿಲ್ಲ.

"ಹೌದು ಕಾಕಾ. ಅಲ್ಲೆ ಇದ್ದಾಗ ಆ ಖೋಲಿ ಬಾಗಲಾ ತೆಗಿಯೂ ಕಾರ್ಡ್ ಯಾರ ಕಡೆ ಇತ್ತು, ಇಕೀನ್ನ ಕೇಳ್ರಿ. ಟೇಪ್ ಇದ್ದದ್ದೂ ಆ ಖೋಲ್ಯಾಗ, ಚಿತ್ರಾ ಇಟ್ಟದ್ದೂ ಅದ ಖೋಲ್ಯಾಗ."

ಎಲ್ಲರೂ ಅಪೂರ್ವಳತ್ತ ನೋಡಿದರು. ಶಾಲಿನಿ ಕಡೆಯದಾಗಿ ನೋಡಿದಳು, ಯಾಕೆಂದರೆ ನೋಡುವ ಮೊದಲೇ ಏನೋ ತಪ್ಪಿದೆ ಎಂದು ಗೊತ್ತಾಗಿತ್ತು. ಹುಡುಗಿ ಬೆಚ್ಚಿಬೀಳಬೇಕಿತ್ತು. ಇಲ್ಲವೆಂದು ಕೂಗಬೇಕಿತ್ತು. ಅವಳು ನೆಟ್ಟಗೆ ನಿಂತಿದ್ದಳು.

"ಕಾರ್ಡ್ ನನ್ನ ಹತ್ರಾನೇ ಇತ್ತು," ಎಂದಳು ಅಪೂರ್ವ. "ಸ್ವಪ್ನಿಲ್ ಸರ್, ಆ ನಕಲು ಮಾಡ್ಸಿದ್ದು ಯಾರು ಅಂತ ನೀವೇ ಹೇಳಿ. ನಿಜವಾದ ಚಿತ್ರ ಎಲ್ಲಿದೆ ಅನ್ನೋದು ನನಗೆ ಗೊತ್ತು. ಅಲ್ಲಿಟ್ಟಿದ್ದು ನಾನೇ."

"ಅಪೂರ್ವ," ಎಂದಳು ಶಾಲಿನಿ. ಇಷ್ಟು ದಿನ ಎದುರಿಗೆ ಕೂತು ಮಾತಾಡಿದ ದನಿ; ತನ್ನ ಕಿವಿಗೆ ಅದರಲ್ಲಿ ಒಂದು ಬಿರುಕೂ ಕೇಳಿಸಿರಲಿಲ್ಲ.

"ಸಾರಿ ಮೇಡಂ. ನಿಮಗೆ ಹೇಳಿದ್ರೆ ನೀವು ಪೊಲೀಸ್ರಿಗೆ ಹೇಳ್ಲೇಬೇಕಾಗ್ತಿತ್ತು."

ಶಾಲಿನಿ ಸ್ವಪ್ನಿಲನ ಮುಖ ನೋಡಿದಳು. ಅಲ್ಲಿ ಬೆರಗಿರಲಿಲ್ಲ. ಬಹಳ ದಿನ ಹುಡುಕಿದ್ದು ಕೊನೆಗೂ ಸಿಕ್ಕವನ ಮುಖ ಅದು. ಈ ಹುಡುಗಿಯ ಮೇಲೆ ಕಳವಿನ ಆರೋಪ ಹೊರಿಸಿದ್ದು, ಅವಳ ಬೆನ್ನಿಗೆ ಪೊಲೀಸರನ್ನು ಬಿಟ್ಟಿದ್ದು ಟೇಪಿಗಾಗಿ ಆಗಿರಲೇ ಇಲ್ಲ; ನಕಲಿಟ್ಟು ತಾನು ಬಚ್ಚಿಟ್ಟಿದ್ದ ನಿಜವಾದ ಚಿತ್ರ ಕೈತಪ್ಪಿ ಹೋದದ್ದಕ್ಕೆ.

"ಎಲ್ಲೆ ಅದ?" ಎಂದ ಅವನು. ಅಪ್ಪಾಸಾಹೇಬರೂ ಅದೇ ಮಾತನ್ನು ಅದೇ ಗಳಿಗೆಯಲ್ಲಿ ಕೇಳಿದರು, ಬೇರೆಯದೇ ದನಿಯಲ್ಲಿ.

ಗೌರಾಬಾಯಿ ಇಬ್ಬರಿಗೂ ಅಡ್ಡವಾಗಿ ಬಂದು ಅಪೂರ್ವಳ ಮುಂದೆ ನಿಂತಳು.

"ಹೇಳಬ್ಯಾಡ ಮಗಳ. ಅದು ನಂದು. ನಾ ಹೇಳು ಅನ್ನೂತನಕ ಯಾರ ಮುಂದನೂ ಬಾಯಿ ಬಿಡಬ್ಯಾಡ."

ಸ್ವಪ್ನಿಲ್ ಹಿಂದಕ್ಕೆ ನಡೆದು, ಕಾಕಾ ಬಾಗಿಲಲ್ಲೇ ಬಿಟ್ಟಿದ್ದ ಬೀಗದ ಕೈಯನ್ನು ಕಿತ್ತುಕೊಂಡ. ಹಾಲಿನ ಬಾಗಿಲನ್ನು ಎಳೆದು, ಒಳಗಿನಿಂದ ಬೀಗ ಹಾಕಿ, ಬೀಗದ ಕೈಯನ್ನು ಜೇಬಿಗೆ ಹಾಕಿಕೊಂಡ.

"ಹೇಳೂತನಕ ಇಲ್ಲಿಂದ ಯಾರೂ ಹೋಗೂದಿಲ್ಲ."

"ಸ್ವಪ್ನಿಲ್, ಏನ ಮಾಡಾಕತ್ತೀ ನೀನು," ಎಂದರು ಅಪ್ಪಾಸಾಹೇಬರು. ಅವನು ಅವರತ್ತ ನೋಡಲೇ ಇಲ್ಲ.

ಗೌರಾಬಾಯಿ ಗೋಡೆಯ ಬದಿಯ ಕುರ್ಚಿಯನ್ನು ದರದರ ಎಳೆದು ತಂದು, ಆ ಸುಳ್ಳು ಚಿತ್ರಕ್ಕೆ ಬೆನ್ನು ಹಾಕಿ, ಸೆರಗು ಸರಿಮಾಡಿಕೊಂಡು ಕುಳಿತಳು.

"ಹಂಗಾರ ಚಹಾಕ್ಕ ಹೇಳು," ಎಂದಳು. "ನನಗೇನೂ ಅವಸರ ಇಲ್ಲ."